ಬಲಕ್ಕೆ ನಿಂತ ಕುತ್ತಿಗೆ

ಹಾರೂಗೇರಿಗೆ ವರ್ಗ ಕೇಳಿದ ಅರ್ಜಿಯ ಮೇಲೆ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ಒಂದು ಸಹಿ ಬೀಳಬೇಕಿತ್ತು. ಅಷ್ಟೇ ಚಿಂತೆಗೆ ಕೊಗನೊಳ್ಳಿಯ ಜ್ಞಾನದೇವ ಮಾಸ್ತರರ ಕುತ್ತಿಗೆ ಬೆಳಗಾಗುವಷ್ಟರಲ್ಲಿ, ಗಾಳಿಗೆ ಸಿಕ್ಕ ಟಿವಿ ಆಂಟೆನಾದ ಹಾಗೆ, ಎಡಕ್ಕೆ ತಿರುಗಿ ನಿಂತುಬಿಟ್ಟಿತ್ತು.

ಹೆಂಡತಿ ಹಾರೂಗೇರಿ ದವಾಖಾನೆಯಲ್ಲಿ ನರ್ಸು. ಮದುವೆಯಾಗಿ ಮೂರು ವರ್ಷ. ಸಂಸಾರ ನಡೆದದ್ದು ಹೆಚ್ಚಾಗಿ ಬಸ್‌ಸ್ಟ್ಯಾಂಡಿನಲ್ಲೇ. ಇಂದು ಹನ್ನೊಂದಕ್ಕೆ ಸಾಹೇಬರು ಶಾಲೆಗೆ ಬರುವವರು. ಹೋದ ತಿಂಗಳು ಕಿಟಕಿ ನೋಡುತ್ತ ನಮಸ್ಕಾರ ಹೇಳಿದ ಮಾಸ್ತರನೊಬ್ಬನ ಅರ್ಜಿಯನ್ನು ಅವನೆದುರೇ ಹರಿದವರು ಅವರು.

ಪಕ್ಕದ ಮನೆಯ ತುಳಸವ್ವ ಬಿಸಿ ಉಪ್ಪಿನ ಗಂಟು ತಂದು ಒತ್ತಿದಳು. ಕುತ್ತಿಗೆ ಕೆಂಪಾಯಿತು, ತಿರುಗಲಿಲ್ಲ. ಅವಳೇ ಓಡಿಹೋಗಿ ಬಾಪುಸಾಹೇಬ ವಸ್ತಾದನನ್ನು ಕರೆತಂದಳು. ತಾಲೀಮಿನಲ್ಲಿ ಕುಸ್ತಿ ಕಲಿಸುವ ಅವನ ಕೈಗಳೇ ಊರಿನ ಉಳುಕು, ಮುರಿತಗಳನ್ನೂ ನೋಡುತ್ತಿದ್ದವು.

“ಚಿಂತಿ ತಲ್ಯಾಗ ಇರೂದಿಲ್ರಿ ಮಾಸ್ತರ, ಕುತ್ತಿಗಿ ಎಲಬಿನ್ಯಾಗ ಕುಂತಿರತೈತಿ,” ಎಂದ ವಸ್ತಾದ ಅಂಗೈಗೆ ಎಣ್ಣೆ ಸವರುತ್ತ. “ಲಟಕ್ ಅಂತು ಅಂದ್ರ ಹೊರಗ.”

“ಸಾವಕಾಶ ವಸ್ತಾದ, ಹನ್ನೊಂದಕ್ಕ ಸಾಹೇಬ್ರು...”

ಲಟಕ್!

ಎಡಕ್ಕಿದ್ದ ಮುಖ ನಡುವೆ ಎಲ್ಲೂ ನಿಲ್ಲದೆ ಬಲಕ್ಕೆ ಹೋಗಿ ಕೂತಿತು.

“ತಿರಗ್ತ ನೋಡ್ರಿ!” ಎಂದಳು ತುಳಸವ್ವ.

“ಈಗ ನನಗ ನೀ ಕಾಣವಲ್ಲಿ ಬೇ,” ಎಂದರು ಮಾಸ್ತರರು ಗೋಡೆಗೆ.

ವಸ್ತಾದ ಬೆವರು ಒರೆಸಿಕೊಂಡ. “ಇದಕ್ಕ ಪಾಯಾಳೂನ ಬೇಕು. ಹುಟ್ಟುವಾಗ ಕಾಲು ಮುಂದ ಬಂದಾವ ಒಂದ್ ಸಲ ಒದ್ದ ಅಂದ್ರ ಮುಗೀತು.”

ತುಳಸವ್ವ ಓಣಿಗೆ ಇಳಿದು ಕೂಗಿದಳು: “ಕಾಲ ಮುಂದಾಗಿ ಹುಟ್ಟಿದವ್ರು ಯಾರರ ಅದೀರೇನ್ರಿ? ಮಾಸ್ತರಿಗೆ ಒದೀಬೇಕಾಗೇತಿ!”

ಒದೆಯಲು ಬಂದವರು ಬಹಳ, ಅದರಲ್ಲೂ ಹಳೆಯ ವಿದ್ಯಾರ್ಥಿಗಳು. ಕಾಲು ಮುಂದಾಗಿ ಹುಟ್ಟಿದವರು ಒಬ್ಬರೂ ಇರಲಿಲ್ಲ.

ಹತ್ತೂವರೆಗೆ ಮಾಸ್ತರರ ತಾಯಿ ಅಕ್ಕುತಾಯಿ ಹೊಲದಿಂದ ಮೇವಿನ ಹೊರೆ ಹೊತ್ತು ಬಂದಳು. ಗದ್ದಲ ಕೇಳಿ ಹೊರೆ ಇಳಿಸಿದಳು.

“ಊರ ತುಂಬ ಯಾಕ ಹುಡಕತೀರಿ? ಕಾಲ ಮುಂದಾಗಿ ಹುಟ್ಟಿದಾವ ಇವನ! ಮಂದಿ ಬಾಗಲಕ ಪಾಳಿ ಹಚ್ಚಬಾರದಂತ ಇಷ್ಟ ದಿನ ಬಾಯಿ ಬಿಟ್ಟಿದ್ದಿಲ್ಲ.”

ಮೂವರೂ ಮಾಸ್ತರರ ಕಾಲನ್ನೂ ಕುತ್ತಿಗೆಯನ್ನೂ ಅಳೆದು ನೋಡಿದರು. ಆ ಕಾಲು ಆ ಕುತ್ತಿಗೆಗೆ ಮುಟ್ಟುವಂತಿರಲಿಲ್ಲ.

ಮಾಸ್ತರರು ಏಡಿಯ ಹಾಗೆ ಅಡ್ಡಡ್ಡ ನಡೆದು ಶಾಲೆ ಸೇರಿದರು. ಹಿಂದೆಯೇ ತುಳಸವ್ವ. ಜೀಪು ಬಂತು. ಸಾಹೇಬರು ಕುಡುಗೋಲಿನ ಹಾಗೆ ಬಾಗಿಕೊಂಡೇ ಇಳಿದರು. ಹಾದಿಯ ತಗ್ಗೊಂದು ಅವರ ಸೊಂಟ ಹಿಡಿದಿತ್ತು. ಮಾಸ್ತರರು ಗೋಡೆಯ ನಕಾಶೆಗೆ ನಮಸ್ಕಾರ ಮಾಡಿದರು.

“ಯಾರಿಗ್ರಿ ಅದು ನಮಸ್ಕಾರ?” ಸಾಹೇಬರು ಗುಡುಗಿದರು. ಅವರ ಕೈ ಮೇಜಿನ ಮೇಲಿದ್ದ ಅರ್ಜಿಯತ್ತ ಹೋಯಿತು.

“ಸಿಟ್ಟಾಗಬ್ಯಾಡ್ರಿ ಸಾಹೇಬ್ರ,” ತುಳಸವ್ವ ಬಾಗಿಲಲ್ಲೇ ಹೇಳಿದಳು. “ಮಾಸ್ತರ ಪಾಯಾಳು ಅದಾರ. ಒಂದ್ ಸಲ ಒದಿಸಿಕೋರಿ.”

ಸಾಹೇಬರ ಕೈ ಅರ್ಜಿ ಬಿಟ್ಟು ಸೊಂಟಕ್ಕೆ ಹೋಯಿತು. ಆಮೇಲೆ ಬೆಂಚಿನ ಮೇಲೆ ಬೋರಲು ಮಲಗಿದರು.

“ಒದೀರಿ. ಆರ್ಡರಿದು.”

ಮಾಸ್ತರರು ಕಿಟಕಿ ನೋಡುತ್ತಲೇ, ಕಾಲನ್ನು ಅಂದಾಜಿನ ಮೇಲೆ ಬೀಸಿದರು. ಲಟಕ್! ಸಾಹೇಬರು ಧ್ವಜಕಂಬದ ಹಾಗೆ ಎದ್ದು ನಿಂತರು.

“ಭಲೇ ಮಾಸ್ತರ! ಕೊಡ್ರಿ ಇಲ್ಲಿ ಅರ್ಜಿ.”

ಪೆನ್ನು ಸರಸರ ಓಡಿತು. ಸಹಿ ಬಿತ್ತು. ಮಾಸ್ತರರು ಇಡೀ ಮೈಯನ್ನೇ ತಿರುಗಿಸಿ ಓದಿದರು: ‘ಇವರನ್ನು ಕೊಗನೊಳ್ಳಿಯಿಂದ ಎಲ್ಲಿಗೂ ಬಿಡತಕ್ಕದ್ದಲ್ಲ.’

“ಹಾರೂಗೇರಿ ನನ್ನ ಹದ್ದಿನ್ಯಾಗ ಬರೂದಿಲ್ರಿ,” ಎಂದರು ಸಾಹೇಬರು ಸೊಂಟ ತಟ್ಟಿಕೊಳ್ಳುತ್ತ. “ಇನ್ನ ಪ್ರತಿ ಸೋಮವಾರ ತಪಾಸಣಿಗೆ ಬರ್ತೀನಿ.”

ಕಿಟಕಿಯಾಚೆ ತುಳಸವ್ವ ಆಗಲೇ ಸೊಂಟ ಹಿಡಿದವರನ್ನೆಲ್ಲ ಪಾಳಿಯಲ್ಲಿ ನಿಲ್ಲಿಸುತ್ತಿದ್ದಳು. ಮಾಸ್ತರರು ಮುಖ ತಿರುಗಿಸಿಕೊಳ್ಳಲು ನೋಡಿದರು. ಕುತ್ತಿಗೆ ಬರಲಿಲ್ಲ.