ಪಿಕಪ್ಪಿನ ಎದುರಿನಿಂದ ಒಂದು ಕಟಕ್

ಹಾಲು ಉಕ್ಕುವ ಮೊದಲು ಒಂದು ಶಬ್ದ ಮಾಡುತ್ತದೆ. ಸರಿಯಾಗಿ ಹೇಳುವುದಾದರೆ, ಅದುವರೆಗೆ ಮಾಡುತ್ತಿದ್ದ ಶಬ್ದವನ್ನು ಒಂದು ಕ್ಷಣ ನಿಲ್ಲಿಸುತ್ತದೆ. ಆ ಮೌನ ಕೇಳಿಸಿದವರು ಓಡಿ ಹೋಗಿ ಒಲೆ ಸಣ್ಣ ಮಾಡುತ್ತಾರೆ, ಕೇಳಿಸದವರು ಬಟ್ಟೆ ಹಿಡಿದು ಕಟ್ಟೆ ಒರೆಸುತ್ತಾರೆ. ನಮ್ಮವರು ಮೂರನೆಯ ಜಾತಿ. ಹಾಲಿನ ಎದುರೇ ನಿಂತಿದ್ದು, ಅದು ಉಕ್ಕಿ, ಕಟ್ಟೆಯಿಂದ ಇಳಿದು, ಕಾಲ್ಬೆರಳಿಗೆ ಬಿಸಿ ತಾಗಿದ ಮೇಲೆ, "ಹಾಲು ಉಕ್ಕಿತಲ್ಲ ಮಾರಾಯ್ತಿ" ಎಂದು ನನಗೇ ವರದಿ ಒಪ್ಪಿಸುತ್ತಾರೆ. ನನ್ನ ಕಿವಿ ಹಾಗಲ್ಲ. ಕುಕ್ಕರಿನ ಸೀಟಿ ಕೇಳಿ ಬೇಳೆಗೆ ನೀರು ಕಡಿಮೆಯಾಗಿದೆಯೇ ಎಂದು ಹೇಳಬಲ್ಲೆ, ಮಿಕ್ಸಿ ಕೈಕೊಡುವ ಒಂದು ವಾರ ಮೊದಲೇ ಅದರ ಗಂಟಲು ಕಟ್ಟಿದ್ದನ್ನು ಗುರುತಿಸಬಲ್ಲೆ. ಇದು ನನಗೆ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರಿಂದ ಬಂದ ವಿದ್ಯೆ. ಅವರು ಕಪ್ಪುಹಲಗೆಗೆ ಮುಖ ಮಾಡಿಕೊಂಡೇ ಹಿಂದಿನ ಬೆಂಚಿನಲ್ಲಿ ಹುಣಸೆಹಣ್ಣು ಚೀಪುವವಳು ಯಾರೆಂದು ಹೆಸರು ಹಿಡಿದು ಕರೆಯುತ್ತಿದ್ದರು. ಕ್ರೋಶಾ ಹಾಕುವುದನ್ನು ಕಲಿಸುವ ನೆಪದಲ್ಲಿ ನಮಗೆಲ್ಲ ಈ ಕಿವಿಯನ್ನೂ ದಾಟಿಸಿಬಿಟ್ಟರು.

ಇಂಥ ಕಿವಿ ಇರುವವಳು ಪಿಕಪ್ಪಿನ ಎಡಗಡೆ ಸೀಟಿನಲ್ಲಿ ಕುಳಿತರೆ ಏನಾಗುತ್ತದೆ ಎಂಬುದೇ ಈಗ ನಾನು ಹೇಳಹೊರಟ ಸಂಗತಿ.

ನಮ್ಮವರು ಗಲ್ಫಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದವರು. ರಜೆಯಲ್ಲಿ ಕಂಪೆನಿಯ ದೊಡ್ಡ ಗಾಡಿಯಲ್ಲಿ ಮರಳಿನ ದಿಬ್ಬ ಹತ್ತಿ ಇಳಿದದ್ದೇ ಅಲ್ಲಿ ಅವರು ಮಾಡಿದ ಏಕೈಕ ಸಾಹಸ. ಊರಿಗೆ ಬಂದು ಪುತ್ತಿಗೆಯಲ್ಲಿ ನೆಲೆಯಾದ ಮೇಲೆ ಆ ಮರಳು ತಲೆಯಿಂದ ಇಳಿಯಲಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹೋಗುವಂಥ ಗಾಡಿಯೇ ಬೇಕೆಂದು ಹುಡುಕಿ, ಬೆಳ್ತಂಗಡಿಯ ಕಡೆಯಿಂದ ಒಂದು ಹಳೆಯ ಪಿಕಪ್ ತಂದರು. ಎದುರಿಗೆ ಐದು ಮಂದಿ ಕೂರಬಹುದು, ಹಿಂದೆ ಗೊನೆ, ಗೊಬ್ಬರ, ನೆಂಟರ ಫ್ರಿಜ್ಜು ಏನನ್ನೂ ಹೇರಬಹುದು. ಭಟ್ಟರು ಬಂದು ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ, ಸ್ಟಿಯರಿಂಗಿಗೆ, ಮೀಟರಿನ ಗಾಜಿಗೆ ಧಾರಾಳವಾಗಿ ಗಂಧ ಹಚ್ಚಿದರು. ಪ್ರಸಾದವನ್ನು ಒರೆಸುವುದು ಹೇಗೆ? ಅದು ಅಲ್ಲೇ ಒಣಗಿ ಗಟ್ಟಿಯಾಯಿತು. ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಸಣ್ಣ ಗೇರು ಇತ್ತು, ತಾಯಿಯ ಸೆರಗು ಹಿಡಿದು ನಿಂತ ಮಗುವಿನ ಹಾಗೆ. ನನಗೆ ನೋಡಿ ಪ್ರೀತಿ ಉಕ್ಕಿ, ಎರಡಕ್ಕೂ ಗುಲಾಬಿ ನೂಲಿನಲ್ಲಿ ಕ್ರೋಶಾ ಟೊಪ್ಪಿ ಹೆಣೆದು ಹಾಕಿದೆ.

ಆ ಗಾಡಿಯಲ್ಲಿ ನಾನು ಮನಸೋತದ್ದು ಅದರ ಎತ್ತರಕ್ಕೆ. ಮದುವೆಯಾದಂದಿನಿಂದ ಸಣ್ಣ ಕಾರಿನಲ್ಲಿ ಕುಳಿತು ನಾನು ನೋಡಿದ್ದೆಲ್ಲ ಕಂಪೌಂಡು ಗೋಡೆಗಳು. ಪಿಕಪ್ಪಿನಲ್ಲಿ ಕುಳಿತ ಮೊದಲ ದಿನವೇ ಗೋಡೆಗಳ ಆಚೆಗೆ ಜನ ವಾಸವಿದ್ದಾರೆಂದು ತಿಳಿಯಿತು. ಯಾರ ಅಂಗಳದಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗುತ್ತಿದೆ, ಯಾರು ಗಂಡನ ಹಳೆಯ ಲುಂಗಿಯನ್ನು ಕರಿಬೇವಿನ ಗಿಡಕ್ಕೆ ನೆರಳು ಕಟ್ಟಿದ್ದಾರೆ, ಯಾವ ಮನೆಯ ಅಜ್ಜ ವೈದ್ಯರು ಬೇಡವೆಂದ ಬೀಡಿಯನ್ನು ಬಚ್ಚಲಿನ ಹಿಂದೆ ಸೇದುತ್ತಾರೆ, ಎಲ್ಲ ಕಾಣುತ್ತಿತ್ತು. ಪಾಣೆಮಂಗಳೂರಿನ ತವರಿಗೆ ಹೋಗುವಾಗ ಸೇತುವೆಯ ತಡೆಗೋಡೆ ದಾಟಿ ನೇತ್ರಾವತಿ ಇಡಿಯಾಗಿ ಕಂಡಳು. ಹುಟ್ಟಿದಾರಭ್ಯ ಆ ಹೊಳೆಯ ಬದಿಯವಳಾದ ನನಗೆ, ಇಷ್ಟು ಅಗಲವೇ ಇವಳು ಎನಿಸಿತು.

ಹೀಗೆ ಸುಖವಾಗಿ ಹೋಗುತ್ತಿರುವಾಗ ಮೂಡುಬಿದಿರೆ ಪೇಟೆಯ ತಿರುವಿನಲ್ಲಿ ಕೇಳಿಸಿತು: ಕಟಕ್.

"ಎದುರಿನಿಂದ ಎಂತದೋ ಶಬ್ದ ಬಂತು" ಎಂದೆ.

"ನಿನಗೆ ಮನೆಯಲ್ಲಿ ಫ್ಯಾನಿನದ್ದೂ ಬರ್ತದೆ, ಇಲ್ಲಿ ಗಾಡಿಯದ್ದೂ ಬರ್ತದೆ" ಎಂದರು ನಮ್ಮವರು.

ಪೆಟ್ರೋಲು ಬಂಕಿನ ಕಾಂಕ್ರೀಟಿನ ಮೇಲೆ ತಿರುಗಿಸಿದಾಗ ಮತ್ತೆ ಬಂತು. ಕಟಕ್, ಕಡಕ್, ಆಮೇಲೆ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಮುಗ್ಗರಿಸಿತು. ವಿಚಿತ್ರವೆಂದರೆ ನಮ್ಮ ಮನೆಯ ಮಣ್ಣಿನ ಓಣಿಯಲ್ಲಿ ಎಷ್ಟು ತಿರುಗಿಸಿದರೂ ಸದ್ದಿಲ್ಲ. ಟಾರು ಕಂಡರೆ ಮಾತ್ರ ಗೊಣಗುತ್ತಿತ್ತು. ಇದನ್ನು ನಾನು ಗಮನಿಸಿದ್ದೆ, ಆದರೆ ಗಮನಿಸಿ ಏನು ಬಂತು? ಗಾಡಿ ಹಳ್ಳಿಯಲ್ಲಿ ಬೆಳೆದದ್ದು, ಪೇಟೆ ಒಗ್ಗುವುದಿಲ್ಲ ಎಂದುಕೊಂಡೆ. ಅತ್ತೆಯವರು ಇದಕ್ಕಿಂತ ಶಾಸ್ತ್ರೀಯವಾಗಿ ಯೋಚಿಸಿ, "ದೃಷ್ಟಿ ಆಗಿದೆ, ಅಷ್ಟು ಎತ್ತರದಲ್ಲಿ ಕೂತು ಕಂಡವರ ಅಂಗಳ ನೋಡಿದ್ರೆ ಅವರು ಸುಮ್ಮನೆ ಬಿಡ್ತಾರಾ?" ಎಂದು ಮೆಣಸು ಉಪ್ಪು ನಿವಾಳಿಸಿದರು. ಆ ದಿನ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು, ಗಾಡಿಯೊಂದು ಆರೋಗ್ಯವಾಗಿತ್ತು.

ಕೊನೆಗೆ ನಮ್ಮವರಿಗೂ ಕೇಳಿಸತೊಡಗಿತು. ಮೂಡುಬಿದಿರೆಯ ಮೆಕ್ಯಾನಿಕ್ ಹಮೀದ್ ಅವರ ಗ್ಯಾರೇಜಿಗೆ ನಮ್ಮ ಯಾತ್ರೆ ಶುರುವಾಯಿತು. ಹಮೀದ್ ಗಾಡಿಯ ಅಡಿಗೆ ಮಲಗಿದರೆ ಎರಡು ಕಾಲು ಮಾತ್ರ ಹೊರಗೆ, ಮಾತು ಒಳಗಿನಿಂದ. "ಅಕ್ಕ, ಬಾಲ್ ಜಾಯಿಂಟ್ ಹೋಗಿದೆ." ಬದಲಾಯಿಸಿದರು, ಕಟಕ್ ಉಳಿಯಿತು. ಮರುವಾರ, "ಅಕ್ಕ, ಬುಷ್." ಆಮೇಲೆ, "ಅಕ್ಕ, ಇದು ಆಕ್ಸಲಿನ ಕಡೆಯದ್ದು ಕಾಣ್ತದೆ." ಗಾಡಿಯನ್ನು ಬಿಟ್ಟು ನೋಡುವ ಅವಕಾಶ ಮಾತ್ರ ಅವರಿಗೆ ಸಿಗಲೇ ಇಲ್ಲ. "ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ನಾನೇ ಬಿಡ್ತೇನೆ. ಇದು ಸಾಮಾನ್ಯ ಗಾಡಿ ಅಲ್ಲ" ಎನ್ನುವುದು ನಮ್ಮವರ ಕಟ್ಟಳೆ. ಹಮೀದ್ ಪಕ್ಕದಲ್ಲಿ ಕುಳಿತು, ತಲೆಯನ್ನು ಕಿಟಕಿಯ ಹೊರಗೆ ಹಾಕಿ, ಚಕ್ರದ ಎದೆಬಡಿತ ಆಲಿಸುತ್ತಿದ್ದರು. ನಾನು ಹಿಂದಿನ ಸೀಟಿನಿಂದ, "ಈಗ ಬಂತು, ಈಗ ಬಂತು" ಎನ್ನುತ್ತಿದ್ದೆ.

ಒಂದು ಸಂಜೆ ನಮ್ಮವರು ಚಹದ ಲೋಟ ಕೆಳಗಿಟ್ಟು, "ಸಾಕಾಯ್ತು. ಕೊಟ್ಟುಬಿಡುವ. ನೆರಿಯದ ಭಾವ ಕೇಳ್ತಾ ಇದ್ದಾರೆ. ನಾವೊಂದು ಸಣ್ಣ ಕಾರು ತೆಕ್ಕೊಳ್ಳುವ, ನಿನ್ನ ಕಿವಿಗೂ ಆರಾಮ" ಎಂದರು.

ನನ್ನ ಎದೆಯೊಳಗೆ ಕಟಕ್ ಎಂದಿತು. ಮತ್ತೆ ಗೋಡೆಗಳು! ಹೊಳೆಯಿಲ್ಲ, ಅಂಗಳವಿಲ್ಲ, ಅಜ್ಜನ ಬೀಡಿಯಿಲ್ಲ. ಇಷ್ಟು ದಿನ ಶಬ್ದ ಉಂಟು ಉಂಟು ಎಂದು ಸಾರಿದವಳು ನಾನೇ. ಮರುದಿನದಿಂದ ನನಗೆ ಕಿವಿ ಕೇಳಿಸುವುದು ನಿಂತಿತು. ತಿರುವು ಬಂದಾಗಲೆಲ್ಲ ಜೋರಾಗಿ ಕೆಮ್ಮಿದೆ, ಮೀನಿನ ರೇಟಿನ ವಿಚಾರ ತೆಗೆದೆ. "ಈಗ ಕೇಳಿತಾ?" ಎಂದು ಅವರು ಕೇಳಿದರೆ, "ಎಂತದು?" ಎಂದೆ. ಪ್ರಯೋಜನವಾಗಲಿಲ್ಲ. ಹಾಲು ಉಕ್ಕುವುದು ಕೇಳಿಸದ ಮನುಷ್ಯನಿಗೆ ನಾನೇ ಕಿವಿ ಕಲಿಸಿಕೊಟ್ಟಿದ್ದೆ!

ನೆರಿಯದ ಭಾವನೆಂದರೆ ನಮ್ಮವರ ಅಕ್ಕನ ಗಂಡ, ನನಗೆ ಸದಾನಂದಣ್ಣ. ರಬ್ಬರ್ ತೋಟ, ಕಾಡಿನ ಅಂಚಿನ ಏರುದಾರಿ, ಎದುರು ಗುಡ್ಡದವರಿಗೂ ಕೇಳಿಸುವ ಸ್ವರ. ಭಾನುವಾರ ಬಂದು, ನೀರುದೋಸೆಯ ತಟ್ಟೆ ಖಾಲಿ ಮಾಡಿ, ಕೈತೊಳೆಯುತ್ತಲೇ ನನ್ನ ಕಡೆ ತಿರುಗಿದರು.

"ಶಾಲಿನಿ, ಭಾವನ ಮಾತು ನನಗೆ ಬೇಡ, ಮಾರುವವ ಯಾವಾಗಲೂ ಗಾಡಿ ಚಿನ್ನ ಅಂತಲೇ ಹೇಳುವುದು. ನೀನು ಕಾನ್ವೆಂಟಿನಲ್ಲಿ ಕಲಿತವಳು, ನೀನು ಹೇಳು. ಶಬ್ದ ಉಂಟಾ ಇಲ್ವಾ?"

ನಮ್ಮವರು ಸದಾನಂದಣ್ಣನ ಬೆನ್ನಹಿಂದೆ ನಿಂತು ಹುಬ್ಬಿನಲ್ಲೇ ಬೇಡ ಬೇಡ ಎಂದರು. ನಾನಾದರೋ ಪರಮಾನಂದದಲ್ಲಿದ್ದೆ. ಸತ್ಯ ಹೇಳಿದರೆ ವ್ಯಾಪಾರ ಮುರಿಯುತ್ತದೆ, ಗಾಡಿ ಉಳಿಯುತ್ತದೆ! ಸತ್ಯಕ್ಕೆ ಇಷ್ಟು ಲಾಭವಿದೆಯೆಂದು ಸಿಸ್ಟರ್ ಯಾವತ್ತೂ ಹೇಳಿರಲಿಲ್ಲ.

"ಉಂಟು ಸದಾನಂದಣ್ಣ" ಎಂದೆ. "ಕಟಕ್ ಅಂತ ಒಂದು, ಕಡಕ್ ಅಂತ ಒಂದು. ಬಲಕ್ಕೆ ತಿರುಗಿಸಿದ್ರೆ ಜೋರು. ಬನ್ನಿ, ತೋರಿಸ್ತೇನೆ."

ಮೂವರೂ ಹಮೀದರ ಗ್ಯಾರೇಜಿನವರೆಗೆ ಹೋದೆವು. ಕೊಳ್ಳುವವರೆಂಬ ಮರ್ಯಾದೆಗೆ ಈ ಸಲ ಸ್ಟಿಯರಿಂಗು ಸದಾನಂದಣ್ಣನ ಕೈಗೆ ಸಿಕ್ಕಿತು. ಪುಣ್ಯಕ್ಕೆ ದಾರಿಯುದ್ದಕ್ಕೂ ಗಾಡಿ ನನ್ನ ಮಾನ ಉಳಿಸಿತು, ಎಲ್ಲ ತಿರುವಿನಲ್ಲೂ ಸಾಕ್ಷಿ ನುಡಿಯಿತು. ಸದಾನಂದಣ್ಣನ ಮುಖ ಸಣ್ಣದಾಗುತ್ತಿದ್ದಂತೆ ನನ್ನದು ಅಗಲವಾಯಿತು. ಗ್ಯಾರೇಜಿನ ಕಾಂಕ್ರೀಟು ಅಂಗಳದಲ್ಲಿ ಗಾಡಿ ನಿಂತಾಗ ಅವರು ಸುಮ್ಮನಿರಲಾರದೆ ಸಣ್ಣ ಗೇರಿನ ಟೊಪ್ಪಿ ಮುಟ್ಟಿ, "ಇದಕ್ಕೆ ಯಾಕೆ ಟೊಪ್ಪಿ? ಶೀತವಾ?" ಎಂದು ಎಳೆದು ತೆಗೆದರು. ಅಡಿಯಲ್ಲಿದ್ದ ಅಕ್ಷರ ಓದಿದರು. ಮತ್ತೊಮ್ಮೆ ಓದಿದರು.

"ಭಾವ, ಇದು ಫೋರ್ ವೀಲಿನಲ್ಲಿ ಉಂಟಲ್ಲ!"

"ಹೌದು. ಮತ್ತೆ?"

"ಯಾವಾಗಿಂದ?"

"ತಂದ ದಿನದಿಂದ. ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ತಕ್ಕೊಂಡು ಎರಡನ್ನು ಸುಮ್ಮನೆ ಕೂರಿಸ್ಲಿಕ್ಕೆ ನನಗೆಂತ ಮರ್ಲಾ?"

ಹಮೀದ್ ಅಲ್ಲೇ ಇದ್ದ ಟಯರಿನ ಮೇಲೆ ಮೆಲ್ಲನೆ ಕುಳಿತರು. ಸದಾನಂದಣ್ಣ ಸ್ಟಿಯರಿಂಗಿಗೆ ಹಣೆ ತಾಗುವಷ್ಟು ಬಗ್ಗಿ ನಕ್ಕರು. "ಮಾರಾಯ, ಅದು ಕೆಸರಿಗೆ, ಗುಡ್ಡಕ್ಕೆ! ಗಾಡಿ ತಿರುಗುವಾಗ ಒಂದೊಂದು ಚಕ್ರಕ್ಕೆ ಒಂದೊಂದು ದೂರ. ಮಣ್ಣಾದರೆ ಜಾರಿ ಸರಿ ಮಾಡಿಕೊಳ್ತದೆ. ಟಾರಲ್ಲಿ ಜಾರ್ಲಿಕ್ಕಿಲ್ಲ, ಎದುರಿನದ್ದೂ ಹಿಂದಿನದ್ದೂ ಒಂದಕ್ಕೊಂದು ಜಗ್ಗಾಡ್ತವೆ." ಗಲ್ಫಿನ ಗಾಡಿ ಹೀಗೆ ಮಾಡುತ್ತಿರಲಿಲ್ಲ ಎಂದು ನಮ್ಮವರು ವಾದಿಸಿ ನೋಡಿದರು. ಅದು ಬೇರೆ ನಮೂನೆಯದ್ದು, ಯಾವ ರಸ್ತೆಯಲ್ಲೂ ತನ್ನಷ್ಟಕ್ಕೆ ಹೊಂದಿಕೊಳ್ಳುವಂಥದ್ದು ಎಂದು ಹಮೀದ್ ವಿವರಿಸಿದರು. ಆಮೇಲೆ ಉಗುರಿನಿಂದ ಮೀಟರಿನ ಗಂಧ ಕೆರೆದರು. ಒಳಗೆ ಒಂದು ಪುಟ್ಟ ಹಸಿರು ದೀಪ, ನಾಲ್ಕು ಚಕ್ರದ ಚಿತ್ರದೊಂದಿಗೆ, ಇಷ್ಟು ಕಾಲವೂ ಪ್ರಸಾದದ ಮರೆಯಲ್ಲಿ ಉರಿಯುತ್ತಲೇ ಇತ್ತು. ಅತ್ತೆಯವರು, ನಮ್ಮವರು, ನಾನು ಒಂದೇ ಅಡುಗೆಮನೆಯಲ್ಲಿ ಒಟ್ಟಿಗೆ ತಿರುಗಿದಾಗ ಬರುವ ಶಬ್ದದ ಕಾರಣವೂ ಆಗ ನನಗೆ ಹೊಳೆಯಿತು.

ಸದಾನಂದಣ್ಣ ಸಣ್ಣ ಗೇರನ್ನು ಸರಿಸಿ, ಅಂಗಳದಲ್ಲಿ ಗಾಡಿಯನ್ನು ಬುಗುರಿಯ ಹಾಗೆ ತಿರುಗಿಸಿದರು. ಕಟಕ್ ಇಲ್ಲ, ಕಡಕ್ ಇಲ್ಲ. ಬೆಣ್ಣೆ.

"ಎದುರಿನದ್ದೆಲ್ಲ ಹೊಸತು ಬೇರೆ ಹಾಕಿಸಿದ್ದೀರಿ" ಎಂದು ಬಾಗಿಲು ತಟ್ಟಿದರು. "ಗಾಡಿ ನನಗೇ. ನಾಳೆಯೇ ತಕ್ಕೊಂಡು ಹೋಗ್ತೇನೆ."

ನಮ್ಮವರು ಇನ್ನೂ ನಾಚಿಕೆಯಿಂದ ಚೇತರಿಸಿಕೊಂಡಿರಲಿಲ್ಲ. ಈ ಗಾಡಿ ಕಣ್ಣೆದುರಿನಿಂದ ಹೋದರೆ ಸಾಕೆಂಬಂತೆ ತಲೆಯಾಡಿಸಿದರು. ನಾನು ಹಿಂದಿನ ಸೀಟಿನಲ್ಲಿ, ಸತ್ಯದ ಲಾಭವೆಲ್ಲ ಮುಗಿದು ಬರಿಗೈಯಲ್ಲಿ ಕುಳಿತಿದ್ದೆ. ಅಷ್ಟರಲ್ಲಿ ನನ್ನ ಬಾಯಿಯಿಂದಲೇ ಒಂದು ಮೆಲುದನಿ ಹೊರಟಿತು.

"ಎದುರಿನದ್ದು ಹೋಯ್ತು ಸದಾನಂದಣ್ಣ. ಹಿಂದಿನದ್ದು?"

"ಹಿಂದೆ ಎಂತ ಉಂಟು?"

"ಎಂತ ಇಲ್ಲ. ಸಣ್ಣದೊಂದು ಕುಂಯ್ ಅಂತ... ನನಗೆ ಮಾತ್ರ ಕೇಳುವುದೋ ಏನೋ."

ಈ ಒಂದು ಗಂಟೆಯಲ್ಲಿ ನನ್ನ ಕಿವಿಯ ಕೀರ್ತಿ ಎಷ್ಟು ಬೆಳೆದಿತ್ತೆಂದರೆ ಯಾರೂ ಅನುಮಾನಿಸಲಿಲ್ಲ. ಗಂಡಸರು ಮೂವರೂ ಗಾಡಿ ಹತ್ತಿ, ಗಾಜು ಇಳಿಸಿ, ಉಸಿರು ಹಿಡಿದು ರಸ್ತೆಯಲ್ಲಿ ಒಂದು ಸುತ್ತು ಬಂದರು. "ಹೌದಲ್ವಾ, ಗುಂಯ್ ಅಂತದೆ!" ಎಂದರು ಸದಾನಂದಣ್ಣ. "ಗುಂಯ್ ಅಲ್ಲ ಭಾವ, ಟಿಕ್ ಟಿಕ್. ನನಗೆ ಮೊದಲಿಂದಲೇ ಸಂಶಯ ಇತ್ತು" ಎಂದರು ನಮ್ಮವರು. ಹಮೀದ್ ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿ, "ಇದು ಎರಡೂ ಅಲ್ಲ, ಉಜ್ಜಿದ ಹಾಗೆ. ಹಿಂದಿನ ಹೌಸಿಂಗ್ ಬಿಚ್ಚಿದ್ರೆ ಗೊತ್ತಾಗ್ತದೆ. ಬಿಚ್ಚಿದ್ರೆ ದೊಡ್ಡ ಕೆಲಸ" ಎಂದು ತೀರ್ಪು ಕೊಟ್ಟರು. ಸದಾನಂದಣ್ಣ ಗಡಿಯಾರ ನೋಡಿಕೊಂಡರು. ನೆರಿಯಕ್ಕೆ ಬಹಳ ದೂರ ಉಂಟು, ಯೋಚನೆ ಮಾಡಿ ಹೇಳ್ತೇನೆ ಎಂದರು. ಅವರು ಇನ್ನೂ ಯೋಚಿಸುತ್ತಲೇ ಇದ್ದಾರೆ.

ಗಾಡಿ ನಮ್ಮಲ್ಲೇ ಉಳಿಯಿತು. ದೋಷ ಇರುವ ಗಾಡಿಯನ್ನು ಹೊರಗಿನವರಿಗೆ ಕೊಡುವುದು ಪಾಪ ಎಂದು ನಮ್ಮವರೇ ತೀರ್ಮಾನಿಸಿದರು. ಈಗ ಎರಡು ಚಕ್ರದಲ್ಲಿ ನಾವು ಸಲೀಸಾಗಿ ತಿರುಗಾಡುತ್ತೇವೆ. ಆದರೆ ಅವರು ಆಗಾಗ ಕತ್ತು ವಾಲಿಸಿ, "ಶಾಲಿನಿ, ಕೇಳ್ತಾ ಉಂಟಾ?" ಎನ್ನುತ್ತಾರೆ. ಮೊದಮೊದಲು ನಾನು ಸೆರಗಿನಲ್ಲಿ ನಗು ಅಡಗಿಸಿಕೊಂಡು, "ಉಂಟು, ಸ್ವಲ್ಪ" ಎನ್ನುತ್ತಿದ್ದೆ.

ಮೊನ್ನೆ ವಾಮದಪದವಿನ ಒಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಬಂದೆವು. ಮನೆಗೆ ಬಂದಿಳಿದಾಗ ಅತ್ತೆಯವರು, "ದಾರಿಯಲ್ಲಿ ಎಂತೆಲ್ಲ ಕಂಡಿತು?" ಎಂದು ಎಂದಿನ ಹಾಗೆ ಕೇಳಿದರು. ನಾನು ಏನನ್ನೂ ಕಂಡಿರಲಿಲ್ಲ. ಹೋಗುವಾಗಲೂ ಬರುವಾಗಲೂ ಕಣ್ಣು ಮುಚ್ಚಿ, ಹಿಂದಿನ ಚಕ್ರಕ್ಕೆ ಕಿವಿ ಕೊಟ್ಟು ಕುಳಿತಿದ್ದೆ. ಕುಂಯ್ ಎನ್ನುತ್ತಿದೆ, ದೇವರಾಣೆಗೂ.