ಸೂರ್ಯಕಾಂತಿಗೆ ಕುಲಾಯಿ ಹೊಲಿದ ಮಾಮು

ಸಿಂಧನೂರಿನಲ್ಲಿ ದರ್ಜಿಗಳಿಗೆ ಬರವಿಲ್ಲ. ಆದರೆ ಗಿಡದ ಅಳತೆ ತೆಗೆದುಕೊಂಡು, ಅದಕ್ಕೆ ಬಟ್ಟೆ ಹೊಲಿದು, ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಫಿಟ್ಟಿಂಗ್ ನೋಡಿದವನು ನನಗೆ ತಿಳಿದಂತೆ ಒಬ್ಬನೇ. ಅವನು ನಮ್ಮ ಮಾಮು, ನನ್ನ ತಾಯಿಯ ಸ್ವಂತ ತಮ್ಮ. ಇದನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ನೋಡಿ, ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ!

ಮಾಮುವಿನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಕೊರಳಲ್ಲಿ ಸದಾ ಅಳತೆ ಟೇಪು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾನೋ ಇಲ್ಲವೋ ಅಲ್ಲಾಹನೇ ಬಲ್ಲ. ಅಳೆಯುವುದು ಅವನಿಗೆ ಬರೀ ಕಸುಬಲ್ಲ, ಚಟ. ನನ್ನನ್ನು ನೋಡಲು ಬಂದ ಹುಡುಗನನ್ನು ಬಾಗಿಲಲ್ಲಿ ಅಪ್ಪಿಕೊಂಡು ಸ್ವಾಗತಿಸಿದವನು ನೆಟ್ಟಗೆ ಅಡುಗೆಮನೆಗೆ ಬಂದು, "ಹುಡುಗ ಚಲೋ ಅದಾನ ಬೇಟಿ. ಆದ್ರ ಎಡಗಡೆ ಭುಜ ಅರ್ಧ ಇಂಚು ಇಳದೈತಿ" ಎಂದಿದ್ದ. ಆ ಇಳಿದ ಭುಜವನ್ನೇ ಕಟ್ಟಿಕೊಂಡು ನಾನು ಸುಖವಾಗಿದ್ದೇನೆ, ಆ ಮಾತು ಬೇರೆ.

ಅಂಗಡಿಯ ಇನ್ನರ್ಧ ಅಂದರೆ ಮುಮಾನಿ, ಮಾಮುವಿನ ಹೆಂಡತಿ. ತವರು ಮಸ್ಕಿ. ಪ್ರೀತಿ ಬಂದರೆ ದಖನಿ ಮಾತಾಡುತ್ತಾಳೆ, ಜಗಳಕ್ಕೆ ನಿಂತರೆ ಕನ್ನಡ. ಹಾಗಾಗಿ ಅವರ ಮನೆಯಲ್ಲಿ ಕನ್ನಡ ಚೆನ್ನಾಗಿ ಬೆಳೆದಿದೆ! ಮಾಮು ಹೊಲಿದು ಎಸೆದದ್ದಕ್ಕೆಲ್ಲ ಕಾಜ ಮಾಡುವುದು, ಹುಕ್ಕು ಹಚ್ಚುವುದು, ಅಂಚು ಮಡಚುವುದು ಅವಳ ಕೆಲಸ. ಮಷೀನಿನ ಪಕ್ಕದಲ್ಲಿ ಅವಳದೊಂದು ಸ್ಟೂಲು.

ಹೀಗಿರುವಾಗ ಮುಮಾನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ತಿಂಗಳೊಪ್ಪತ್ತಿನಲ್ಲಿ ದಾರಿಗೆ ಬಂತು. ಬಲಗೈ ಬೆರಳುಗಳು ಮಾತ್ರ ಒಂದನ್ನೊಂದು ಮುಟ್ಟಲಾರದೆ ಹೋದವು. ಬೆರಳಿಗೆ ದಿನಾ ಕೆಲಸ ಕೊಡಬೇಕು, ಬಿಟ್ಟರೆ ಹೀಗೇ ನಿಂತುಬಿಡುತ್ತವೆ ಎಂದು ಡಾಕ್ಟರು ಹಿಸುಕಲಿಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟರು. ಮುಮಾನಿ ಅದನ್ನು ಎಡಗೈಯಿಂದ ಕಿಟಕಿಯಾಚೆ ಒಗೆದಳು.

"ನಾ ಏನ್ ಸಣ್ಣ ಕೂಸೇನು, ಚೆಂಡಾಡಾಕ?"

ಅಂದಿನಿಂದ ಬಲಗೈ ಸೆರಗಿನೊಳಗೆ ಸೇರಿಕೊಂಡಿತು. ಬಂದವರ ಕಣ್ಣಿಗೆ ಅದು ಬೀಳಬಾರದು. ಅಂಗಡಿಯಲ್ಲಿ ಅವಳ ಸ್ಟೂಲು ಖಾಲಿ ಉಳಿಯಿತು. ಗಿರಾಕಿಗಳು ಅದರ ಮೇಲೆ ಕೂರಲು ಹೋದರೆ ಮಾಮು ಬೆಂಚು ತೋರಿಸುತ್ತಿದ್ದ. ಹುಕ್ಕುಗಳನ್ನು ತಾನೇ ಹಚ್ಚುತ್ತಿದ್ದ. ಸೂಜಿ ಬಟ್ಟೆಗಿಂತ ಅವನ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು.

ಆಗಲೇ ನಮ್ಮ ಬಳಗದವರೊಬ್ಬರು ಮಕ್ಕಾಕ್ಕೆ ಹೋಗಿ ಉಮ್ರಾ ಯಾತ್ರೆ ಮುಗಿಸಿ ಬಂದರು. ಖರ್ಜೂರದ ಜೊತೆಗೆ ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ತಂದಿದ್ದರು. ನಮ್ಮ ಕಡೆ ಸೂರ್ಯಕಾಂತಿ ಎಂದರೆ ಎಣ್ಣೆ. ಬೀಜ ಕಪ್ಪಗೆ, ಸಣ್ಣಗೆ. ಇವೋ ಬಿಳಿ ಪಟ್ಟೆಯವು, ಒಂದೊಂದೂ ಉಗುರಿಗಿಂತ ಉದ್ದ! ಅರಬರು ಹರಟೆ ಹೊಡೆಯುತ್ತ ಸುಲಿದು ತಿನ್ನುತ್ತಾರಂತೆ. ನಾವೂ ತಟ್ಟೆಯ ಸುತ್ತ ಕೂತು ಹರಟೆ ಹೊಡೆದೆವು, ಮುಮಾನಿಯೂ ಕೂತಿದ್ದಳು. ಮಾಮು ಮಾತ್ರ ಮಾತೇ ಆಡಲಿಲ್ಲ. ಇದ್ದಕ್ಕಿದ್ದಂತೆ ಎದ್ದವನೇ ತಟ್ಟೆಯಲ್ಲಿ ಉಳಿದ ಬೀಜವನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡ.

"ಎಲ್ಲಿಗೆ ಒಯ್ಯಾಕತ್ತಿ ಮಾಮು?"

"ಗೊರೇಬಾಳಕ್ಕ."

ಗೊರೇಬಾಳದಲ್ಲಿ ಅವನಿಗೆ ಪಿತ್ರಾರ್ಜಿತವಾಗಿ ಬಂದ ಒಂದು ದಿಬ್ಬವಿದೆ. ಸುತ್ತ ಕಾಲುವೆ ನೀರಿನ ಭತ್ತದ ಗದ್ದೆ, ನಡುವೆ ನೀರು ಹತ್ತದ ಇವನ ದಿಬ್ಬ. ಅಲ್ಲಿ ಟೇಪು ಹಿಡಿದು ಗೇಣಿಗೊಂದರಂತೆ ಬೀಜ ಊರಿ, ಹದಿನೈದು ದಿನ ಕೊಡದಲ್ಲಿ ನೀರು ಹೊತ್ತು ಹಾಕಿದ. ಒಂದೂ ಹುಟ್ಟಲಿಲ್ಲ. ಪಕ್ಕದ ಗದ್ದೆಯ ಬಸಣ್ಣ ಬಂದು ಒಂದು ಬೀಜ ಕೆದರಿ ತೆಗೆದು, ಒರೆಸಿ, ಬಾಯಿಗೆ ಹಾಕಿಕೊಂಡ.

"ಟೇಲರ್ ಮಾಸ್ತರ, ಹುರದದ್ದು ಹದಕ್ಕ ಐತಿ. ಉಪ್ಪೂ ಬರೋಬ್ಬರಿ ಐತಿ. ಆದ್ರ ಇದು ಹುಟ್ಟೂದಿಲ್ಲ ಬಿಡು!"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಮಾಮು ಲಿಂಗಸುಗೂರಿನ ಬೀಜದಂಗಡಿಗೆ ಹೋದ. ಪಟ್ಟೆ ಬೀಜ ಬೇಕು, ಎಣ್ಣೆಗಲ್ಲ, ತಿನ್ನಲಿಕ್ಕೆ ಎಂದ. ಅಂಗಡಿಯವನು ನಕ್ಕ.

"ಯಾರು ತಿನ್ನಾಕ್ರೀ, ಗಿಣಿ ಸಾಕೀರೇನು?"

"ಇಲ್ಲರೀ, ನಮ್ಮನಿಯಾಕಿಗೆ."

ಅವನಲ್ಲಿ ಸಿಗಲಿಲ್ಲ. ಕೊನೆಗೆ ನನ್ನ ಮೊಬೈಲಿನಿಂದಲೇ ಎಲ್ಲಿಂದಲೋ ತರಿಸಿದೆವು, ಈ ಸಲ ಹುರಿಯದ್ದು. ನನ್ನ ತಾಯಿಗೆ ಸಿಟ್ಟು ನೆತ್ತಿಗೇರಿತು. "ಹೆಂಡ್ತಿ ಕೈ ಬಿದ್ದೈತಿ, ಇಂವ ಹೂವಿನ್ ಕೂಡ ಆಟ ಆಡಾಕತ್ತಾನ! ಆ ಹೊತ್ತಿನಾಗ ಆಕಿ ಕೈಯರ ತಿಕ್ಕಬಾರದಾ?" ಎಂದಳು. ನಾನೂ ಹೂಂ ಎಂದೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನಿಸಿತ್ತು.

ಗಿಡಗಳು ಎದ್ದವು ನೋಡಿ! ಮಂಡಿ, ಸೊಂಟ, ಭುಜ, ಆಮೇಲೆ ಆಳಿನ ಮೇಲೊಂದು ಆಳು. ಮಾಮು ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಏಣಿ ಹಾಕಿ ಅಳತೆ ತೆಗೆಯುತ್ತಿದ್ದ. ಬರೆಯುವುದು ಎಲ್ಲಿ? ಅಂಗಡಿಯ ಅಳತೆ ಪುಸ್ತಕದಲ್ಲಿ! ಗಿರಾಕಿಗಳ ಭುಜ, ಎದೆ, ತೋಳಿನ ಕೆಳಗೇ "ಏಳನೇದು: ಮುಖ ಐವತ್ತು ಇಂಚು ಸುತ್ತು" ಎಂದು. ನಾನು ಮಸ್ಕಿಯಲ್ಲಿ ಶಾಲಾ ಶಿಕ್ಷಕಿ. ನಮ್ಮ ಶಾಲೆಯ ಟೀಚರೊಬ್ಬರ ಕುಬಸಕ್ಕೆ ಇವನು ಸಾಲು ತಪ್ಪಿ ಏಳನೆಯ ಹೂವಿನ ಅಳತೆ ಹಾಕಿದ. ತಲೆಯಿಂದ ತೊಟ್ಟರೆ ಎಲ್ಲೂ ತಡೆಯದೆ ಕಾಲಿಗೆ ಇಳಿಯಿತಂತೆ. ಅವರು ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದರು.

ಮೊಗ್ಗು ಬಿರಿಯುವ ಹೊತ್ತಿಗೆ ಗಿಳಿಗಳ ದಂಡು ಕಾಲುವೆ ಆಚೆಯಿಂದ ಬಂದು ತಂತಿಯ ಮೇಲೆ ಕೂತಿತು. ಬೇರೆಯವರಾದರೆ ತಗಡು ಬಡಿಯುತ್ತಾರೆ. ನಮ್ಮವನು ದರ್ಜಿ! ಅಂಗಡಿಯ ಚಿಂದಿ ಬಟ್ಟೆ ಜೋಡಿಸಿ ಒಂದೊಂದು ಹೂವಿಗೂ ಒಂದೊಂದು ಕುಲಾಯಿ ಹೊಲಿದ, ಕೂಸಿಗೆ ಗದ್ದದ ಕೆಳಗೆ ಕಟ್ಟುತ್ತಾರಲ್ಲ, ಹಾಗೇ ಲಾಡಿ ಇಟ್ಟು. ಬೆಳೆಯುವ ಹುಡುಗಿಯರಿಗೆ ಬಿಡುವಂತೆ ಒಳಗೆ ಒಂದಿಂಚು ಬಟ್ಟೆಯನ್ನೂ ಬಿಟ್ಟಿದ್ದ. ತೊಡಿಸಿ ಮುಗಿಸಿ ಹೆಮ್ಮೆಯಿಂದ ನಿಂತಾಗ ಬಸಣ್ಣ ಬದುವಿನ ಮೇಲೆ ಬಿದ್ದು ಬಿದ್ದು ನಕ್ಕ.

"ಏ ಮಾಸ್ತರ, ಹೂವ ಅರಳೂದಕ್ಕ ಮೊದಲ ಮುಖ ಮುಚ್ಚಿದ್ರ ಜೇನು ಎಲ್ಲಿ ಕೂಡಬೇಕೋ? ಕಾಳು ಕಟ್ಟೂದಿಲ್ಲ, ಬರೇ ಜೊಳ್ಳು ಬರ್ತೈತಿ. ಬಿಚ್ಚೋ ಮಾರಾಯ!"

ಮಾಮು ಅಷ್ಟನ್ನೂ ಬಿಚ್ಚಿದ. ಹೂವು ಬಾಡಿ ತಲೆ ಬಾಗುವವರೆಗೆ ಕಾದು, ಮತ್ತೆ ಅಷ್ಟನ್ನೂ ಕಟ್ಟಿದ.

ಆಮೇಲಿನದು ನಾನು ಕಣ್ಣಾರೆ ಕಂಡದ್ದು. ಬಸಣ್ಣನ ಗದ್ದೆಗೆ ಕಳೆ ತೆಗೆಯಲು ಬಂದ ಹೆಂಗಸರಲ್ಲಿ ಒಬ್ಬಳು ಸೊಂಟ ನೀವಿಕೊಳ್ಳುತ್ತ ಮೇಲೆ ನೋಡಿದಳು. ನೋಡಿದವಳು ಹಾಗೇ ನಿಂತಳು.

"ಯವ್ವಾ! ಅದು ನನ್ನ ಹಸರು ಕುಬಸದ ಅರಿವಿ ಅಲ್ಲೇನು?"

"ಅಯ್ಯ, ಅದರ ಬಾಜೂಕಿಂದು ನಂದು!"

"ಟೇಲರಣ್ಣ! ಅರಿವಿ ಸಾಲಲಿಲ್ಲವ್ವ, ತೋಳು ಗಿಡ್ಡ ಮಾಡೀನಿ ಅಂದಿದ್ದಿ. ಈಗ ಗಿಡಕ್ಕ ಹೆಂಗ ಸಾಲಿತು?"

ಕೈಯಲ್ಲಿ ಕೆಸರು ಹಿಡಿದುಕೊಂಡೇ ದಿಬ್ಬ ಹತ್ತಿ ಬಂದರು. ಮಿಕ್ಕ ಬಟ್ಟೆ ದರ್ಜಿಗೆ ಸೇರಿದ್ದು, ಹಿಂದಿನಿಂದ ನಡೆದು ಬಂದದ್ದು ಎಂದು ಮಾಮು ವಾದಿಸಿ ನೋಡಿದ. ಗಿಡ್ಡ ತೋಳಿನವಳು ಒಪ್ಪಲಿಲ್ಲ. ಕೊನೆಗೆ, "ನಮ್ಮನಿಯಾಕಿ ಸಲುವಾಗಿ ಬೆಳಸೀನವ್ವ. ಆಕಿ ಕೈ ನಿಮಗ ಗೊತ್ತೈತಲ್ಲ" ಎಂದ. ಅವರೆಲ್ಲರ ಕುಬಸಕ್ಕೂ ಹುಕ್ಕು ಹಚ್ಚಿದ ಕೈ ಅದು. ಒಬ್ಬೊಬ್ಬರಾಗಿ ಗದ್ದೆಗೆ ಇಳಿದರು. ಗಿಡ್ಡ ತೋಳಿನವಳು ಹೋಗುವಾಗ ಏಣಿ ಹತ್ತಿ, ಸಡಿಲಾಗಿದ್ದ ಒಂದು ಲಾಡಿಯನ್ನು ತಾನೇ ಬಿಗಿದು ಕಟ್ಟಿ ಹೋದಳು.

ತೆನೆಗಳೆಲ್ಲ ಮನೆಗೆ ಬಂದು ಮಾಳಿಗೆಯ ಮೇಲೆ ಒಣಗಿದವು. ಒಂದೊಂದೂ ರೊಟ್ಟಿ ಬಡಿಯುವ ಪರಾತದಷ್ಟು. ಮಾಮು ಒಂದನ್ನು ತಂದು ಮುಮಾನಿಯ ತೊಡೆಯ ಮೇಲೆ ಇಟ್ಟ. "ಬೀಜ ಬಿಡಿಸು. ನನಗ ಅಂಗಡಿ ಐತಿ" ಎಂದು ಹೊರಟೇಬಿಟ್ಟ. ನಾನು ಹಿಂದೆಯೇ ಓಡಿ ಬಾಗಿಲಲ್ಲಿ ತಡೆದೆ.

"ಮಾಮು, ನಿನಗ ತಲಿ ಕೆಟ್ಟೈತೇನು? ಆ ಕೈಲೆ ಬಿಡಸಂತಿಯಲ್ಲ!"

"ಆವತ್ತು ಉಮ್ರಾದ ಬೀಜ ತಿನ್ನಾಗ ನೀವೆಲ್ಲ ಮಾತಾಡಾಕತ್ತಿದ್ರಿ. ಆಕಿ ಮರ್ತು ಬಲಗೈ ತಗದಳು ಬೇಟಿ. ಹೆಬ್ಬಟ್ಟಿಗೂ ತೋರಬಟ್ಟಿಗೂ ನಡುವ ಕಾಲಿಂಚು ಉಳದಿತ್ತು. ಸಣ್ಣ ಕಾಳಾಗಿದ್ರ ಜಾರ್ತಿತ್ತು. ಅದು ದೊಡ್ಡದಿತ್ತು, ಬೆರಳಾಗ ನಿಂತಿತು."

ನಾವು ಹತ್ತು ಜನ ಆ ತಟ್ಟೆಯ ಸುತ್ತ ಕೂತಿದ್ದೆವು. ಒಬ್ಬರೂ ನೋಡಿರಲಿಲ್ಲ. ನಾನು ಬಾಗಿಲು ಬಿಟ್ಟು ಸರಿದೆ.

ಚೆಂಡು ಒಗೆದ ಮುಮಾನಿ ಬೀಜವನ್ನು ಒಗೆಯಲಿಲ್ಲ. ಅದು ಆಟವಲ್ಲವಲ್ಲ, ಮನೆಗೆಲಸ! ಮೊದಮೊದಲು ಎಡಗೈಯಲ್ಲಿ ಬಿಡಿಸಿದಳು. ಅದು ಸೋತಾಗ ಬಲಗೈ ಸೆರಗಿನಿಂದ ಹೊರಗೆ ಬಂತು. ಹತ್ತು ಹಿಡಿದರೆ ಎಂಟು ಬೀಳುತ್ತಿದ್ದವು. ಬೈದಳು, ಅತ್ತಳು, ಮತ್ತೆ ಹಿಡಿದಳು. ಒಂದು ತೆನೆ ಮುಗಿದರೆ ಮಾಮು ಇನ್ನೊಂದು ತಂದಿಡುತ್ತಿದ್ದ. ಏಳನೆಯದನ್ನು ಮಾತ್ರ, ಎಲ್ಲಕ್ಕಿಂತ ದೊಡ್ಡದನ್ನು, ಕುಲಾಯಿ ಸಮೇತ ಕಪಾಟಿನ ಹಿಂದೆ ಇಟ್ಟಿದ್ದ.

ಕೊನೆಗೆ ಅದೂ ಬಂತು. ಅವತ್ತು ನಾನು ಅಲ್ಲೇ ಇದ್ದೆ. ಮುಮಾನಿ ಲಾಡಿ ಎಳೆದಳು, ಗಂಟು ಬಿಚ್ಚಿತು. ಕುಲಾಯಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಕೆಂಪು ಬಟ್ಟೆ, ಅಂಚಿಗೆ ಜರಿ. ಮುಖದ ಬಣ್ಣವೇ ಬದಲಾಯಿತು.

"ಬಾ ಇಲ್ಲಿ."

ಕನ್ನಡದಲ್ಲಿ ಕರೆದಳೆಂದರೆ ಮುಗಿಯಿತು! ಮಾಮು ಬಂದು ಮುಂದೆ ಬಗ್ಗಿದ. ಮುಮಾನಿ ಅವನ ಕಿವಿ ಹಿಡಿದಳು.

"ನನ್ನ ನಿಕಾಹ್ ಓಢಣಿ ಕತ್ತರಿಸಿ ಹೂವಿಗೆ ಹಾಕೀಯೇನು? ನಾಚಿಕಿ ಬರಲಿಲ್ಲ ನಿನಗ? ಗಿಣಿ ಕೂಡೂ ಹೂವಿಗೆ ನನ್ನ ಓಢಣಿ?"

"ಎಲ್ಲಾಕ್ಕಿಂತ ಚೆಂದದ್ದಕ್ಕ ಎಲ್ಲಾಕ್ಕಿಂತ ಚೆಂದ ಅರಿವಿ ಹಾಕೀನಿ. ಅದಿರ್ಲಿ, ಯಾವ ಕೈಲೆ ಹಿಂಡಾಕತ್ತಿ, ನೋಡ್ಕೊ."

ಮುಮಾನಿ ನೋಡಿದಳು. ಬಲಗೈ. ಹೆಬ್ಬೆರಳು, ತೋರುಬೆರಳು, ನಡುವೆ ಮಾಮುವಿನ ಕಿವಿ. ಕೈ ತೆಗೆಯಲು ಹೋದಳು, ಮಾಮು ಬಿಡಲಿಲ್ಲ. ಬಗ್ಗಿದ ಮುಖದಿಂದ ಕಣ್ಣೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬಿಡಬ್ಯಾಡ," ಅಂದ, "ಇನ್ನೂ ಜೋರ್ ಹಿಂಡು."

ಸಂಜೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಆ ಕೆಂಪು ಕಿವಿ ತೋರಿಸಿದನಂತೆ.