ಹಿಂದಿನ ಮನೆಯ ಗೋಡೆ

'ಹಿಂದಿನ ಮನೆ' ಅಂದೆನೋ, 'ಹಿಂದುಗಡೆ ಮನೆ' ಅಂದೆನೋ?

ಮುದ್ರಣಾಲಯದಲ್ಲಿ ಕರಡು ತಿದ್ದುವವನ ಕೆಂಪು ಪೆನ್ನು ಸಾಲಿನ ನಡುವೆ ನಿಂತುಬಿಟ್ಟಿತು. ಪರರ ತಪ್ಪು ಹುಡುಕುವುದೇ ಅವನ ಉದ್ಯೋಗ. ತನ್ನ ಮಾತನ್ನು ತಿದ್ದಿ ಅಭ್ಯಾಸವಿರಲಿಲ್ಲ. ಅಡುಗೆಮನೆ ಗೋಡೆಗೆ ಟೈಲ್ಸ್ ಕೂರಿಸಬೇಕಿದ್ದ ಮೇಸ್ತ್ರಿ ಬೆಳಿಗ್ಗೆ ಫೋನಿನಲ್ಲಿ, ಯಾವ ಮನೆ ಎಂದು ಕೇಳಿದ್ದ. ಈಗಿರುವುದು ಮಾಲೀಕರ ಮನೆಯ ಬೆನ್ನಿಗಿರುವ ಪುಟ್ಟ ಮನೆ. ಹಾಗಾಗಿ ಹಿಂದಿನ ಮನೆ ಎಂದಿದ್ದ. ಆದರೆ ಹೋದ ತಿಂಗಳು ಖಾಲಿ ಮಾಡಿ ಬಂದದ್ದೂ ಹಿಂದಿನ ಮನೆಯೇ. ಮೇಸ್ತ್ರಿ ಕಂಡಿದ್ದು ಅದೊಂದನ್ನೇ, ಟೈಲ್ಸೂ ಅವನ ಬಳಿಯೇ ಇದ್ದವು.

ಪಕ್ಕದ ಬೈಂಡರ್ ಕತೆ ಕೇಳಿ, "ಒತ್ತಕ್ಷರ ಬಿಟ್ಟಿದ್ರೆ ಆಮೇಲೆ ಸೇರಿಸ್ಬೋದಿತ್ತು. ಇದು ಸಿಮೆಂಟು," ಎಂದ.

ಮೇಸ್ತ್ರಿ ಫೋನ್ ಎತ್ತಲಿಲ್ಲ. ಕರಡು ತಿದ್ದುವವನು ತಲೆನೋವೆಂದು ಹೇಳಿ ಹಳೆಯ ಮನೆಗೆ ಓಡಿದ. ಸುಳ್ಳೇನೂ ಅಲ್ಲ.

ಆ ಟೈಲ್ಸಿಗಾಗಿ ಹೆಂಡತಿ ಕಾಣದ ಅಂಗಡಿಯಿರಲಿಲ್ಲ. ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ದಿನವೂ ಹೋಗಿ, ಸೀರೆಯ ಸೆರಗು ನೋಡುವಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ್ದಳು. ಹಳೆಯ ಮನೆಯಲ್ಲಿ ಅಂಥದ್ದಕ್ಕೆಲ್ಲ ಅವಕಾಶವೇ ಇರಲಿಲ್ಲ. ಮಹಡಿಯಲ್ಲಿದ್ದ ಮಾಲಕಿ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಗೊಡುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಮೊಳೆಯಮ್ಮ ಎನ್ನುತ್ತಿದ್ದರು. ಗಂಡಹೆಂಡಿರ ಕ್ಯಾಲೆಂಡರ್ ನೆಂಟನ ಹಾಗೆ ಕುರ್ಚಿಯ ಮೇಲೆ ಕೂರುತ್ತಿತ್ತು. ಇವನು ಸೀನಿದರೆ ಮೇಲಿನಿಂದ ಊರುಗೋಲು ಕುಟ್ಟುತ್ತಿತ್ತು. ಆ ಮನೆ ಬಿಟ್ಟ ದಿನ ಹೆಂಡತಿ ಮಾತಿಲ್ಲದೆ ಬೀಗ ಹಾಕಿದ್ದಳು. ನೆಮ್ಮದಿಯ ಮೌನವೆಂದು ಅವನು ಓದಿಕೊಂಡಿದ್ದ.

ಹಳೆಯ ಮನೆಯ ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಅಕ್ಕಪಕ್ಕದವರು ಹಸುಗೂಸು ನೋಡಲು ಬಂದವರ ಹಾಗೆ ಪಿಸುಗುಡುತ್ತಿದ್ದರು. ಮೇಸ್ತ್ರಿ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದ.

ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು.

ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕಂಡಾಗ ಅವು ಬರೀ ನೀಲಿ ಡೊಂಕುಗೆರೆಗಳು. ಈಗ ಅವು ಒಟ್ಟಿಗೆ ಕೂತಾಗ, ಒಲೆಕಟ್ಟೆಯಿಂದ ಹಕ್ಕಿಗಳ ದೊಡ್ಡ ಹಿಂಡೊಂದು ಸೂರಿನತ್ತ ಏಳುತ್ತಿತ್ತು. ಪಡುವಣ ಕಿಟಕಿಯ ಬಿಸಿಲು ತಾಕಿದಲ್ಲೆಲ್ಲ ರೆಕ್ಕೆಯ ಅಂಚು ತಾಮ್ರದಂತೆ ಹೊಳೆಯಿತು. ಮೋಡವೊಂದು ಹಾದುಹೋದಾಗ ಇಡೀ ಗೋಡೆ ಉಸಿರೆಳೆದುಕೊಂಡಿತು. ತನ್ನ ಟೈಲ್ಸ್ ಎಂಬುದನ್ನೂ ಅವನು ಅರೆಗಳಿಗೆ ಮರೆತ.

ಆಮೇಲೆ ನೆನಪಾಯಿತು.

"ತೆಗೀಬೋದಾ?" ಮೇಸ್ತ್ರಿಯ ಕಿವಿಯಲ್ಲಿ ಕೇಳಿದ.

"ತೆಗೀಬೋದು ಸಾರ್. ಪುಡಿ ಮಾಡಿ."

ಅಷ್ಟರಲ್ಲಿ ಮೊಳೆಯಮ್ಮ ಅವನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. "ಬಂದೋರೆಲ್ಲ ನನ್ನ ಗೋಡೆ ಕೆಡಿಸಿ ಹೋದ್ರು. ಬಿಟ್ಟು ಹೋದ್ಮೇಲೂ ಗೋಡೆಗೆ ಉಡುಗೊರೆ ಕಳಿಸಿದೋನು ನೀನೊಬ್ಬನೇ ಕಣಪ್ಪ." ಸುದ್ದಿಯನ್ನು ಅವನ ಹೆಂಡತಿಗೂ ಆಗಲೇ ಫೋನಿನಲ್ಲಿ ಮುಟ್ಟಿಸಿದ್ದಳಂತೆ.

ಹೆಂಡತಿ ಬಂದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಗೋಡೆಯ ಮುಂದೆ ನಿಂತಳು. ಅವಳ ಮೌನಗಳಲ್ಲಿ ಅಲ್ಪವಿರಾಮ ಯಾವುದು, ಪೂರ್ಣವಿರಾಮ ಯಾವುದು ತನಗೆ ಗೊತ್ತೆಂದು ಅವನು ನಂಬಿದ್ದ. ಈ ಮೌನಕ್ಕೆ ಅವನ ಬಳಿ ಚಿಹ್ನೆಯಿರಲಿಲ್ಲ.

ಅವಳು ಒಂದು ಹಕ್ಕಿಯ ಮೇಲೆ ಅಂಗೈ ಇಟ್ಟಳು.

"ಈ ಬೆಳಕು ಬಿಟ್ಟು ಹೋಗೋಕೆ ನಂಗೆ ಇಷ್ಟಾನೇ ಇರ್ಲಿಲ್ಲ. ಒಂದಿನಾನೂ ಬಾಯಿಬಿಟ್ಟು ಹೇಳಿಲ್ಲ ನಾನು. ನಿಮಗೆ ಹೇಗೆ ಗೊತ್ತಾಯ್ತು?"

"ಸಾರ್ ಫೋನಲ್ಲಿ ಸ್ಪಷ್ಟವಾಗಿ ಹೇಳಿದ್ರು, ಹಿಂದಿನ ಮನೆ ಅಂತ," ಮೇಸ್ತ್ರಿ ಸಾಕ್ಷಿ ನುಡಿದ.

ಗೋಡೆ ನೋಡುತ್ತಿದ್ದವರೆಲ್ಲ ಅದೇ ಬೆರಗಿನ ಕಣ್ಣುಗಳನ್ನು ಇವನತ್ತ ತಿರುಗಿಸಿದರು. ಹೆಂಡತಿಯೂ. ಹಾಗೆ ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ. ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಸಿಮೆಂಟು ಅಲ್ಲಿಯೂ ಬೇಗ ಗಟ್ಟಿಯಾಯಿತು.

ಮೊಳೆಯಮ್ಮ ಬೀಗದ ಕೈಯನ್ನು ಅಲ್ಲೇ ಹೆಂಡತಿಯ ಕೈಗಿಟ್ಟು, ವಾಪಸ್ಸು ಬಂದುಬಿಡಿ ಎಂದಳು. ಷರತ್ತು ಒಂದೇ: ಹಕ್ಕಿಗಳಿಗೆ ಹೊಗೆ ತಾಗಬಾರದು, ಆದ್ದರಿಂದ ಈ ಅಡುಗೆಮನೆಯಲ್ಲಿ ಹುರಿಯುವುದು ಕರಿಯುವುದು ಕೂಡದು.

ಭಾನುವಾರ ಅವನು ಅದೇ ಬೀರುವನ್ನು ಅದೇ ಬೆನ್ನಿನ ಮೇಲೆ ವಾಪಸ್ಸು ಹೊತ್ತು ತಂದ. ಈಗ ದಿನವೂ ಬೇಯಿಸಿದ ತರಕಾರಿಯ ತಟ್ಟೆ ಹಿಡಿದು ಹೆಂಡತಿಯ ಪಕ್ಕ ಕೂತು, ಹಕ್ಕಿಗಳಿಗೆ ಬಿಸಿಲು ಬರುವುದನ್ನು ಕಾಯುತ್ತಾನೆ. ಸೀನು ಬಂದರೆ ಮೇಲೆ ಊರುಗೋಲು ಕುಟ್ಟುತ್ತದೆ. ಕ್ಯಾಲೆಂಡರ್ ಮತ್ತೆ ಕುರ್ಚಿಯ ಮೇಲಿದೆ.

ತನ್ನ ಮನಸ್ಸಿನಲ್ಲಿದ್ದದ್ದು ಹಿಂದುಗಡೆ ಮನೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.